ಕೇರಾಫ್ ಬಾಲಮಂದಿರ

ಜೂನ್ ಮೊದಲ ವಾರ, ಬೆಳಗಿನ ಆರು ಗಂಟೆ. ಬಿ.ಸಿ.ರೋಡಿನಲ್ಲಿ ಮಳೆ ಹಿಡಿದು ಮೂರನೇ ದಿನ. ರಾತ್ರಿಯಿಡೀ ಘಾಟಿ ಇಳಿದು ಬಂದ ಬೆಂಗಳೂರು ಬಸ್ಸುಗಳು ನಿದ್ದೆಗಣ್ಣಿನ ಜನರನ್ನು ಇಳಿಸಿ ಮುಂದಕ್ಕೆ ಹೋಗುತ್ತಿವೆ. ಖಾಸಗಿ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು "ಪಂಪ್‌ವೆಲ್, ಜ್ಯೋತಿ, ಸ್ಟೇಟ್‌ಬ್ಯಾಂಕ್" ಎಂದು ಒಂದೇ ಉಸಿರಿಗೆ ಕೂಗುತ್ತಾನೆ. ಹಳಬರು ಈ ಜಾಗವನ್ನು ಈಗಲೂ ಜೋಡುಮಾರ್ಗ ಎನ್ನುತ್ತಾರೆ. ಬಂಟ್ವಾಳ ಪೇಟೆ, ಬೆಳ್ತಂಗಡಿ, ಚಾರ್ಮಾಡಿಯ ಕಡೆಗೆ ಒಂದು ದಾರಿ, ಪಾಣೆಮಂಗಳೂರು ಸೇತುವೆ ದಾಟಿ ಬೆಂಗಳೂರಿನ ಕಡೆಗೆ ಇನ್ನೊಂದು. ಎರಡರ ನಡುವಿನ ಚಾದಂಗಡಿಯಲ್ಲಿ ಶೀಟಿನ ಮಾಡಿಗೆ ಬಡಿಯುವ ಮಳೆಯ ಸದ್ದಿಗೆ ಗಂಟಲೆತ್ತದೆ ಮಾತು ಕೇಳುವುದಿಲ್ಲ.

ಮಂಗಳೂರಿನಿಂದ ಬಂದ ಮೊದಲ ಬಸ್ಸಿನಿಂದ ಒಬ್ಬ ಹುಡುಗ ಇಳಿದ. ಹೆಗಲಲ್ಲಿ ಒಂದು ಬ್ಯಾಗು. ಅದು ನೆನೆಯುತ್ತಿದೆ, ನೆನೆಯಲಿ ಎಂದು ಬಿಟ್ಟಿದ್ದಾನೆ. ಎರಡು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಸುತ್ತಿದ ಇನ್ನೊಂದು ವಸ್ತುವನ್ನು ಮಾತ್ರ ಅಂಗಿಯ ಒಳಗೆ ಹೊಟ್ಟೆಗೆ ಒತ್ತಿ ಹಿಡಿದಿದ್ದಾನೆ. ಒಳಗೆ ಬಂದು ನನ್ನ ಬೆಂಚಿನ ತುದಿಯಲ್ಲೇ ಕೂತ.

"ಎಂತ ಬೇಕು ಮಗಾ?"

"ಒಂದು ಚಾ. ಒಂದು ಬನ್ಸ್."

ಚಾ ಎತ್ತಿ ಹೊಯ್ಯುತ್ತಲೇ ಅಂಗಡಿಯವರು ತುಳುವಿನಲ್ಲಿ ಕೇಳಿದರು: "ಇಲ್ಲ್ ಓಲು?"

ಮನೆ ಎಲ್ಲಿ? ತುಳುನಾಡಿನಲ್ಲಿ ಇದು ಯಾರನ್ನೂ ಚುಚ್ಚುವ ಪ್ರಶ್ನೆಯಲ್ಲ. ಮಳೆ ಜೋರಾ ಎಂದು ಕೇಳಿದಷ್ಟೇ ಸಲೀಸು. ಇಲ್ಲಿ ಮನುಷ್ಯನ ಗುರುತು ಹಿಡಿಯುವುದೇ ಹಾಗೆ. ಯಾವ ಊರು, ಯಾವ ಮನೆ, ಯಾರ ಮಗ, ಸೋದರಮಾವ ಯಾರು. ಅಳಿಯಸಂತಾನದ ನೆಲ ಇದು. ಗುತ್ತಿನ ಹೆಸರು, ಬಳಿಯ ಹೆಸರು, ಭೂತದ ಕೋಲಕ್ಕೆ ಸೇರುವ ತರವಾಡು ಮನೆ, ಇವುಗಳಲ್ಲಿ ಒಂದಲ್ಲ ಒಂದು ಎಳೆ ಸಿಕ್ಕಿದರೆ ಸಾಕು, "ಓ, ನೀನು ನಮ್ಮವನೇ" ಎಂದು ಮಾತು ಮುಂದಕ್ಕೆ ಹೋಗುತ್ತದೆ. ಎಳೆ ಸಿಗದಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ.

"ಮಂಗಳೂರು" ಎಂದ ಹುಡುಗ.

"ಮಂಗಳೂರಿನಲ್ಲಿ ಎಲ್ಲಿ?"

"ಬೋಂದೆಲ್."

"ಬೋಂದೆಲಿನಲ್ಲಿ ಯಾರ ಮನೆ?"

ಹುಡುಗ ಬನ್ಸಿನ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಜಗಿದ. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು, ನಾಲ್ಕು ಜನ ಚಾ ಕೇಳಿದರು, ಪ್ರಶ್ನೆ ಮಳೆಯಲ್ಲಿ ಕೊಚ್ಚಿಕೊಂಡು ಹೋಯಿತು. ಅವನ ಮುಖದಲ್ಲಿ ಕಂಡ ಬಿಡುಗಡೆಯನ್ನು ನಾನು ಮರೆಯಲಾರೆ.

ಬೋಂದೆಲಿನಲ್ಲಿರುವುದು ಸರಕಾರಿ ಬಾಲಮಂದಿರ. ಅವನು ಅಲ್ಲಿ ಬೆಳೆದವನು. ಹದಿನೆಂಟು ತುಂಬಿತ್ತು. ಮೆಲ್ಕಾರಿನ ಒಂದು ಅಲ್ಯುಮಿನಿಯಂ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಇವತ್ತೇ ಮೊದಲ ದಿನ. ರಾತ್ರಿ ಎಲ್ಲಿ ಮಲಗುತ್ತೀ ಎಂದು ಕೇಳಿದೆ. "ಅಂಗಡಿಯಲ್ಲೇ ಒಂದು ಅಟ್ಟ ಉಂಟಂತೆ ಸರ್" ಎಂದ. ಮಾತು ಬೆಳೆದ ಮೇಲೆ ತೊಟ್ಟೆ ಬಿಚ್ಚಿದ. ಒಳಗೆ ಗುಂಡಿ ಹಾಕುವ ನೀಲಿ ಪ್ಲಾಸ್ಟಿಕ್ ಫೈಲು. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಂದೊಂದೇ ಕಾಗದ ತೆಗೆದು ನನ್ನ ತೊಡೆಯ ಮೇಲಿಟ್ಟ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಲ್ಯಾಮಿನೇಶನ್ ಮಾಡಿದ್ದು. ಪಿಯುಸಿ ಟಿ.ಸಿ. ಬ್ಯಾಂಕಿನ ಪಾಸ್‌ಬುಕ್ಕು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಜೆರಾಕ್ಸ್, ಮಡಚಿದ ಜಾಗದಲ್ಲಿ ಅಕ್ಷರ ಅಳಿಸಿಹೋಗಿದೆ. ಜಿಲ್ಲಾ ಮಟ್ಟದ ಕಬಡ್ಡಿಯ ಸರ್ಟಿಫಿಕೇಟು. ಒಂದು ಗ್ರೂಪ್ ಫೋಟೋ. ಆಮೇಲೆ ಆಧಾರ್.

ಜನ್ಮದಿನಾಂಕ ಜೂನ್ 1. ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ಅವನಿಗೆ ಗೊತ್ತಿಲ್ಲ. ಅಪ್ಪ ಅಮ್ಮ ಬಾಗಲಕೋಟೆಯ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದವರಂತೆ. ಇವನು ಆರು ವರ್ಷದವನಿದ್ದಾಗ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬನೇ ಕೂತದ್ದನ್ನು ಕಂಡ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದರು. ಇಂಥ ಮಕ್ಕಳಿಗೆ ವಯಸ್ಸು ಕಾಗದದ ಮೇಲೆ ಹುಟ್ಟುತ್ತದೆ. ಶಾಲೆಯ ದಾಖಲೆ ನೋಡುತ್ತಾರೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಎಲುಬಿನ ಎಕ್ಸ್‌ರೇ ತೆಗೆದು ಡಾಕ್ಟರು ಅಂದಾಜು ಹೇಳುತ್ತಾರೆ. ತಾರೀಕು ಗೊತ್ತಿಲ್ಲದ ಮಕ್ಕಳಿಗೆ ಶಾಲೆಯಲ್ಲಿ ಜೂನ್ 1 ಎಂದು ಬರೆಯುವ ರೂಢಿ ನಮ್ಮಲ್ಲಿ ಹಳತು. ಹಾಗಾಗಿ ಇವರಲ್ಲಿ ಎಷ್ಟೋ ಮಂದಿಗೆ ಹದಿನೆಂಟು ತುಂಬುವುದು ಸರಿಯಾಗಿ ಮಳೆಗಾಲದ ಬಾಗಿಲಿನಲ್ಲಿ.

ಕಾರ್ಡಿನ ಹಿಂಬದಿಯಲ್ಲಿ ವಿಳಾಸ. ನಮ್ಮ ನಿಮ್ಮ ಕಾರ್ಡಿನಲ್ಲಿ "ಕೇರಾಫ್" ಎಂಬುದರ ಮುಂದೆ ತಂದೆಯದೋ ಗಂಡನದೋ ಹೆಸರಿರುತ್ತದೆ. ಇವನದ್ದರಲ್ಲಿ ಸೂಪರಿಂಟೆಂಡೆಂಟ್, ಸರಕಾರಿ ಬಾಲಮಂದಿರ ಎಂದಿತ್ತು. ಆ ಮನೆಯಲ್ಲಿ ಅವನು ಈಗ ಇಲ್ಲ. ಹೊಸ ವಿಳಾಸ ಇನ್ನೂ ಬಂದಿಲ್ಲ.

ತುಳು ಅವನಿಗೆ ಚೆನ್ನಾಗಿ ಬರುತ್ತದೆ. ಅಮ್ಮನ ಊರಿನ ಕನ್ನಡ ಮರೆತುಹೋಗಿದೆ. ಬಾಲಮಂದಿರದ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಹೊಟ್ಟೆತುಂಬ ಊಟ ಇತ್ತು, ಶಾಲೆ ಇತ್ತು, ಅಷ್ಟಮಿಗೆ ಮೊಸರುಕುಡಿಕೆ ಇತ್ತು, ಜ್ವರ ಬಂದರೆ ರಾತ್ರಿ ಎದ್ದು ಹಣೆ ಮುಟ್ಟಿ ನೋಡುವ ಒಬ್ಬರು ಅಮ್ಮ ಇದ್ದರು. "ಆದರೆ ಸರ್, ಒಂದು ದಿನವೂ ಪೇಟೆಗೆ ಹೋಗಿ ಅಕ್ಕಿ ತಂದದ್ದಿಲ್ಲ. ಕೆ.ಜಿ.ಗೆ ಎಷ್ಟು ಅಂತ ನಿನ್ನೆ ಗೊತ್ತಾದದ್ದು."

ಕಾನೂನು ಇವರನ್ನು ಮರೆತಿದೆ ಎಂದು ಹೇಳುವಂತಿಲ್ಲ. 2015ರ ಬಾಲನ್ಯಾಯ ಕಾಯಿದೆಯ 46ನೇ ಕಲಮು, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಹಣದ ನೆರವು ಕೊಡಬಹುದು ಎನ್ನುತ್ತದೆ. ಸರಕಾರಿ ಭಾಷೆಯಲ್ಲಿ ಇದಕ್ಕೆ ಅನುಪಾಲನೆ ಎಂದು ಹೆಸರು. 21 ವರ್ಷದ ತನಕ, ತೀರಾ ಅಗತ್ಯವಿದ್ದರೆ 23ರ ತನಕ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ, ಹಿಂದೆ 2,000 ಇತ್ತು. 2016ರ ಮಾದರಿ ನಿಯಮಗಳನ್ನು ಓದಿದಾಗ ಬರೆದವರ ಮೇಲೆ ನನಗೆ ಗೌರವ ಮೂಡಿತು. ಹುಡುಗ ಹೊರಡುವ ಎರಡು ತಿಂಗಳ ಮೊದಲೇ ಮುಂದಿನ ಬದುಕಿನ ಯೋಜನೆ ಬರೆದು ಸಮಿತಿಯ ಮುಂದಿಡಬೇಕು. ಆರರಿಂದ ಎಂಟು ಮಂದಿ ಒಟ್ಟಿಗಿರುವ ತಾತ್ಕಾಲಿಕ ಮನೆಗಳಿರಬೇಕು. ಕೆಲಸ ಕಲಿಯುವಾಗ ಸ್ಟೈಪೆಂಡು ಸಿಗಬೇಕು. ಆಗಾಗ ಮಾತಾಡಿಸಲು ಒಬ್ಬ ಸಲಹೆಗಾರರಿರಬೇಕು. ಎಲ್ಲ ಉಂಟು. ಆದರೆ "ಕೊಡಬಹುದು" ಎಂಬ ಮಾತಿಗೂ "ಕೊಡಲೇಬೇಕು" ಎಂಬ ಮಾತಿಗೂ ನಡುವೆ ಒಂದು ಹೊಳೆಯಷ್ಟು ಅಂತರ ಇದೆ. ಆ ಹೊಳೆ ದಾಟಲು ಸಂಕ ಹಾಕುವವರು ಯಾರು ಎಂಬುದೇ ಪ್ರಶ್ನೆ. ಹಣಕ್ಕೆ ಅರ್ಜಿ ಹಾಕಬೇಕು ಎಂದೇ ಗೊತ್ತಿಲ್ಲದ ಹುಡುಗನಿಗೆ 4,000 ಆದರೇನು, 40,000 ಆದರೇನು? ಗೊತ್ತಿದ್ದರೂ, ಅಷ್ಟರಲ್ಲಿ ಕೋಣೆಯ ಬಾಡಿಗೆ, ಅಡ್ವಾನ್ಸು, ಊಟ, ಬಸ್ಸು ಎಲ್ಲ ತೂಗಬೇಕು. ಮೊದಲನೆಯದಾಗಿ, ಒಂಟಿ ಹುಡುಗನಿಗೆ ಕೋಣೆ ಕೊಡುವವರು ಬೇಕು.

*

ಬೆಳ್ತಂಗಡಿ ತಾಲೂಕಿಗೆ ಕಾಲಿಟ್ಟರೆ ಹಸಿದವನು ಹಸಿದೇ ಮಲಗಬೇಕಾಗಿಲ್ಲ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ನೀನು ಯಾರು ಎಂದು ಕೇಳದೆ ಬಡಿಸುತ್ತಾರೆ. ಊರು ಬಿಟ್ಟವರು, ಮನೆಯಲ್ಲಿ ಜಗಳವಾಡಿ ಬಂದವರು, ದಿಕ್ಕು ತಪ್ಪಿದವರು, ಎಷ್ಟೋ ಜನ ಆ ಪಂಕ್ತಿಯಲ್ಲಿ ತಲೆ ತಗ್ಗಿಸಿ ಉಂಡು ಕೈತೊಳೆದು ಹೋಗಿದ್ದಾರೆ. ಅನ್ನ ಬಡಿಸುವಾಗ ಮನೆ ಎಲ್ಲಿ ಎಂದು ಕೇಳದಿರುವುದು ಈ ನಾಡಿನ ದೊಡ್ಡತನ.

ಅಲ್ಲಿಂದ ಒಂಬತ್ತು ಹತ್ತು ಕಿಲೋಮೀಟರ್ ಈಚೆಗೆ ಉಜಿರೆ. 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಕಟ್ಟಿದ ಸಿದ್ಧವನ ಗುರುಕುಲ ಇಲ್ಲಿದೆ. ಬಡ ಹುಡುಗರು ತೋಟದಲ್ಲಿ ದುಡಿದು, ಅಲ್ಲೇ ಉಂಡು, ಕಾಲೇಜಿಗೆ ಹೋಗುವ ಏರ್ಪಾಡು. 1982ರಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳನ್ನು ಸೇರಿಸಿಕೊಂಡು ಆರಂಭಿಸಿದ ರುಡ್‌ಸೆಟ್ ಸಂಸ್ಥೆಯೂ ಇಲ್ಲೇ ಮೊದಲು ಹುಟ್ಟಿದ್ದು. ಹದಿನೆಂಟು ದಾಟಿದ ನಿರುದ್ಯೋಗಿಗಳಿಗೆ ಊಟ, ವಸತಿ ಕೊಟ್ಟು ಬಿಡಿಗಾಸೂ ತೆಗೆದುಕೊಳ್ಳದೆ ಸ್ವಉದ್ಯೋಗ ಕಲಿಸುವ ಆ ಮಾದರಿಯನ್ನು ಕೇಂದ್ರ ಸರಕಾರವೂ ಒಪ್ಪಿಕೊಂಡಿತು, ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಅಂಥ ತರಬೇತಿ ಕೇಂದ್ರಗಳಾದವು. ಬಾಲಮಂದಿರ ಕೈಬಿಡುವ ವಯಸ್ಸೇ ರುಡ್‌ಸೆಟ್ ಬಾಗಿಲು ತೆರೆಯುವ ವಯಸ್ಸು. ಒಂದು ಜಿಲ್ಲೆಯ ಒಳಗೇ ಇಂಥ ಎರಡು ಬಾಗಿಲುಗಳು ಇರುವುದು ಎಂಥ ಭಾಗ್ಯ! ಅವುಗಳ ನಡುವೆ ಕೈಹಿಡಿದು ನಡೆಸಿಕೊಂಡು ಹೋಗುವ ಒಬ್ಬ ಮನುಷ್ಯ ಇದ್ದರೆ ಸಾಕು.

ಬಾಲಮಂದಿರದಲ್ಲಿ ಬೆಳೆದು ಹೊಲಿಗೆ ಕಲಿತ ಹುಡುಗಿಯೊಬ್ಬಳನ್ನು ಬೆಳ್ತಂಗಡಿ ಪೇಟೆಯ ಟೈಲರ್ ಅಂಗಡಿಯಲ್ಲಿ ಕಂಡೆ. ಬೆರಳ ತುದಿಯಲ್ಲಿ ಚಾಕ್‌ಪುಡಿ, ಕತ್ತಿನಲ್ಲಿ ಅಳತೆಯ ಟೇಪು, ಕಾಲಡಿಯಲ್ಲಿ ಬ್ಲೌಸಿನ ಚೂರುಗಳ ರಾಶಿ. ಕತ್ತರಿ ಹಿಡಿದರೆ ಕೈ ನಡುಗುವುದಿಲ್ಲ. ತರಬೇತಿಯ ಕೊನೆಯ ದಿನದ ಕಥೆ ಹೇಳಿದಳು. ಸರ್ಟಿಫಿಕೇಟು ಕೊಟ್ಟರು, ಫೋಟೋ ತೆಗೆದರು, ಪಾಯಸದ ಊಟ ಆಯಿತು. ಮಧ್ಯಾಹ್ನದ ನಂತರ ಒಬ್ಬೊಬ್ಬರ ಮನೆಯವರು ಬಂದು ಕರೆದುಕೊಂಡು ಹೋದರು. ಅಣ್ಣನ ಬೈಕು, ಮಾವನ ರಿಕ್ಷಾ, ಅಪ್ಪನ ಜೊತೆ ಬಸ್ಸು. "ನಾನು ಹೊಲಿಗೆಯ ಮಿಷನ್ನು ಒರಸ್ತಾ ಕೂತೆ. ಒರಸಿದ್ದನ್ನೇ ಒರಸಿದ್ದು. ಕಡೆಗೆ ಟೀಚರ್ ಬಂದು, ನೀನು ನಮ್ಮ ಮನೆಗೆ ಬಾ, ಎರಡು ದಿನ ಇರು, ಅಂಗಡಿಯಲ್ಲಿ ಕೇಳುವಾ ಅಂದ್ರು." ಆ ಎರಡು ದಿನ ನಾಲ್ಕು ತಿಂಗಳಾಯಿತಂತೆ. ಆ ಟೀಚರಿನ ಮನೆಯಿಂದಲೇ ಅವಳಿಗೆ ಈ ಅಂಗಡಿಯೂ ಪಿ.ಜಿ.ಯೂ ಸಿಕ್ಕಿದ್ದು.

ಹೆಣ್ಣುಮಕ್ಕಳಿಗೆ ಹದಿನೆಂಟರ ಆಚೆಗೆ ರಾಜ್ಯ ಮಹಿಳಾ ನಿಲಯಗಳಿವೆ. ನೆರೆಯ ಉಡುಪಿಯ ನಿಟ್ಟೂರಿನ ನಿಲಯದಲ್ಲಿ ಆಗಾಗ ಮದುವೆಗಳಾಗುತ್ತವೆ. ಚಪ್ಪರ ಹಾಕಿ, ಅಧಿಕಾರಿಗಳೇ ಹೆಣ್ಣಿನ ಕಡೆಯವರಾಗಿ ನಿಂತು ಧಾರೆ ಎರೆದು ಕೊಡುವುದನ್ನು ಪತ್ರಿಕೆಗಳಲ್ಲಿ ಓದಿದಾಗ ಕಣ್ಣು ತುಂಬುತ್ತದೆ. ಅಲ್ಲಿ ಒಂದು ಮನೆ ಹುಟ್ಟುತ್ತದೆ, ಅದು ಸಣ್ಣದಲ್ಲ. ಆದರೂ ಈ ಹುಡುಗಿ ಹೇಳಿದ ಮಾತು ನನ್ನನ್ನು ಬಿಡಲಿಲ್ಲ. "ಎಲ್ಲರೂ ಕೇಳುದು ಮದುವೆ ಯಾವಾಗ ಅಂತ. ನನಗೆ ಮೊದಲು ನನ್ನದೇ ಒಂದು ಮಿಷನ್ನು ಬೇಕು, ಆಮೇಲೆ ನೋಡುವಾ ಅಂತ ಹೇಳ್ತೇನೆ." ಮದುವೆಯೇ ಹೊರಬರುವ ಏಕೈಕ ಬಾಗಿಲಾಗಬಾರದು. ಮಿಷನ್ನು ಮೊದಲು ಬೇಕು ಎನ್ನುವವಳಿಗೆ ಮಿಷನ್ನು ಮೊದಲು ಸಿಗಬೇಕು.

ಮನೆ ಕಳೆದುಕೊಂಡವರಿಗೆ ಬದುಕು ಕಟ್ಟಿಕೊಡುವ ಕೆಲಸ ಈ ಕರಾವಳಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮುಂದೆ ಇದೇ ತೊಡಕು ಬಂದು ನಿಂತಿತ್ತು. ಮತ ಬಿಟ್ಟವರು ತರವಾಡನ್ನೂ ಕಸುಬನ್ನೂ ಒಟ್ಟಿಗೇ ಕಳೆದುಕೊಂಡರು. ನೇಯ್ಗೆಯ ಮಗ್ಗಗಳು ಬಂದದ್ದು, 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದ್ದು ಅಂಥವರ ಕೈಗೆ ಕೆಲಸ ಕೊಡಲಿಕ್ಕೆಂದು. ಜೆಪ್ಪುವಿನಲ್ಲಿ ಕೆಥೊಲಿಕ್ ಪಾದ್ರಿಗಳು ಅನಾಥ ಹುಡುಗರಿಗಾಗಿ ವರ್ಕ್‌ಶಾಪು ತೆರೆದು ಮರಗೆಲಸ, ಕಬ್ಬಿಣದ ಕೆಲಸ ಕಲಿಸಿದರು. ಕೆಲಸದ ಬೆನ್ನಿಗೇ ವಾಸದ ಜಾಗವನ್ನೂ ಯೋಚಿಸಿದ್ದು ಆ ಕಾಲದವರ ವಿವೇಕ. ಇವತ್ತು ನಾವು ಕೆಲಸವನ್ನು ಒಂದು ಇಲಾಖೆಗೂ ವಾಸವನ್ನು ಇನ್ನೊಂದಕ್ಕೂ ಹಂಚಿದ್ದೇವೆ. ಹುಡುಗ ಎರಡರ ನಡುವೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾನೆ.

*

ಮೂಡುಬಿದಿರೆ ಹಾಸ್ಟೆಲುಗಳ ಊರು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಪಕ್ಕದ ಬೀದಿಯಲ್ಲಿ ಸಂಜೆ ಐದಕ್ಕೆ ನಿಂತರೆ ರಾಜ್ಯದ ಮೂಲೆಮೂಲೆಯ ಕನ್ನಡ ಕಿವಿಗೆ ಬೀಳುತ್ತದೆ. ಬೀದರಿನದು, ಚಾಮರಾಜನಗರದ್ದು, ಕಾಸರಗೋಡಿನದು. ದೀಪಾವಳಿ ರಜೆ ಶುರುವಾದ ಸಂಜೆ ಅದೇ ಬೀದಿ ನೋಡಬೇಕು. ಟ್ರಾಲಿ ಬ್ಯಾಗುಗಳ ಗಡಗಡ, ರಾತ್ರಿ ಬಸ್ಸುಗಳಿಗೆ ನೂಕುನುಗ್ಗಲು, ಬೇಕರಿಗಳಲ್ಲಿ ಮನೆಗೆ ಒಯ್ಯುವ ತಿಂಡಿಯ ಪೊಟ್ಟಣಗಳು. ರಾತ್ರಿ ಹತ್ತಕ್ಕೆ ಪೇಟೆಯೇ ಖಾಲಿ.

ಒಂದು ಹಾಸ್ಟೆಲಿನಲ್ಲಿ ಬಾಲಮಂದಿರದಿಂದ ಬಂದು ಡಿಗ್ರಿ ಓದುತ್ತಿದ್ದ ಹುಡುಗನಿದ್ದ. ಫೀಸು ಯಾರೋ ದಾನಿಗಳದು, ಬುದ್ಧಿ ಅವನದೇ. ಮೊದಲ ವರ್ಷದ ರಜೆಗೆ ಅವನೂ ಬ್ಯಾಗು ತುಂಬಿದ, ಎಲ್ಲರಿಗೂ ಟಾಟಾ ಮಾಡಿದ, ಎಲ್ಲರಂತೆ ಬಸ್ಸು ಹತ್ತಿದ. ಕಾರ್ಕಳದಲ್ಲಿ ಇಳಿದು ಮತ್ತೊಂದು ಬಸ್ಸಿನಲ್ಲಿ ವಾಪಸು ಬಂದ. ಮೂರು ರಾತ್ರಿ ಯಕ್ಷಗಾನದ ಆಟದ ಬಯಲುಗಳಲ್ಲಿ ಕಳೆದ. ಬೆಳಗಿನ ತನಕ ಆಟ ನೋಡುವವನನ್ನು ಯಾರೂ ನಿನಗೆ ಮನೆ ಇಲ್ಲವೇ ಎಂದು ಕೇಳುವುದಿಲ್ಲ. ಚೌಕಿಯ ಹಿಂದೆ ತಲೆಗೆ ಬೈರಾಸು ಸುತ್ತಿ ಮಲಗಿದವನನ್ನು ನಾಲ್ಕನೆಯ ದಿನ ಗುರುತಿಸಿದ್ದು ಹಾಸ್ಟೆಲಿನ ಅಡುಗೆ ಭಟ್ಟರು. ಬೈಯಲಿಲ್ಲ. "ನಡಿ, ಮನೆಯಲ್ಲಿ ಗಟ್ಟಿ ಮಾಡಿದ್ದಾರೆ" ಎಂದರಂತೆ. ಅರಸಿನ ಎಲೆಯಲ್ಲಿ ಬೇಯಿಸಿದ ಬೆಲ್ಲದ ಗಟ್ಟಿ. ಮುಂದಿನ ಎರಡು ವರ್ಷ ಅವನ ರಜೆಗಳೆಲ್ಲ ಭಟ್ಟರ ಮನೆಯ ಜಗಲಿಯಲ್ಲಿ ಕಳೆದವು. ಸಗಣಿ ಬಾಚಿದ, ಅಡಕೆ ಸುಲಿದ, ಭಟ್ಟರ ಮೊಮ್ಮಗಳಿಗೆ ಲೆಕ್ಕ ಹೇಳಿಕೊಟ್ಟ.

ಭಟ್ಟರು ಒಂದು ಯೋಜನೆಯ ಹೆಸರನ್ನೂ ಕೇಳಿದವರಲ್ಲ. ಇಂಗ್ಲೆಂಡಿನಲ್ಲಿ ಸರಕಾರಿ ಪಾಲನೆಯಲ್ಲಿ ಬೆಳೆದವರು ಬಯಸಿದರೆ 25 ವರ್ಷದ ತನಕವೂ ಅವರ ಜೊತೆಗಿರಲು ಒಬ್ಬ ಸಲಹೆಗಾರರನ್ನು ಸ್ಥಳೀಯ ಆಡಳಿತ ಕೊಡಲೇಬೇಕು. 2017ರಲ್ಲಿ ಅಲ್ಲಿ ಹಾಗೊಂದು ಕಾನೂನಾಯಿತು. ಓದುವಾಗ ನನಗೆ ಭಟ್ಟರ ನೆನಪಾಯಿತು. ಅವರು ಮಾಡಿದ್ದೂ ಅದೇ ಕೆಲಸ, ಸಂಬಳ ಮಾತ್ರ ಇರಲಿಲ್ಲ. ಆದರೆ ಹುಡುಗನೊಬ್ಬನ ಬದುಕು ಅಡುಗೆಯವರೊಬ್ಬರ ಕಣ್ಣಿಗೆ ಬೀಳುವ ಅದೃಷ್ಟದ ಮೇಲೆ ನಿಲ್ಲಬಾರದು. ಆಟದ ಬಯಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದವರು ಎಷ್ಟು ಮಂದಿಯೋ ಎಂದು ಯೋಚಿಸಿದರೆ ನಿದ್ದೆ ಬರುವುದಿಲ್ಲ.

ಮನೆಗಳಿಗೆ ಬರವಿರುವ ಸೀಮೆಯೂ ಅಲ್ಲ ಇದು. ಮೂಡುಬಿದಿರೆಯಿಂದ ಸಿದ್ದಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬರುವಾಗ ಎಣಿಸುತ್ತ ಬನ್ನಿ. ಎರಡು ಮಾಳಿಗೆಯ ಮನೆ, ಗೇಟಿಗೆ ಬೀಗ. ಮಕ್ಕಳು ದುಬೈ, ಮಸ್ಕತ್ತು, ಮುಂಬೈಯಲ್ಲಿ. ಇನ್ನು ಕೆಲವು ಮನೆಗಳಲ್ಲಿ ಎಂಟು ಕೋಣೆಗೆ ಇಬ್ಬರು ಮುದುಕರು, ಸಂಜೆ ಲೈಟು ಉರಿಯುವುದು ಒಂದೇ ಕಿಟಕಿಯಲ್ಲಿ. ತೆಂಗಿನಕಾಯಿ ಹೆಕ್ಕಲು ಜನ ಇಲ್ಲ, ಮದ್ದು ತಂದುಕೊಡಲು ಜನ ಇಲ್ಲ. ನಿಯಮದ ಪುಸ್ತಕದಲ್ಲಿ ಹೇಳಿದ ಆರೆಂಟು ಮಂದಿಯ ಮನೆ ಎಲ್ಲಿ ಎಂದು ಹುಡುಕುವವರು ಈ ದಾರಿಯಲ್ಲಿ ಒಮ್ಮೆ ಬಸ್ಸಿನಲ್ಲಿ ಕೂತು ಬರಬೇಕು. ನಮ್ಮವರಿಗೆ ಭಯ ಇದೆ, ಸುಳ್ಳಲ್ಲ. ಯಾರ ಹುಡುಗನೋ ಏನೋ ಎಂಬ ಭಯ. ಅದಕ್ಕೆ ಸಿಟ್ಟಾಗಿ ಪ್ರಯೋಜನವಿಲ್ಲ. ಹುಡುಗನ ಹಿಂದೆ ಒಂದು ಇಲಾಖೆ ನಿಂತಿದೆ, ತಿಂಗಳಿಗೊಮ್ಮೆ ಬಂದು ವಿಚಾರಿಸುವವರು ಇದ್ದಾರೆ, ಏನಾದರೂ ಆದರೆ ಈ ನಂಬರಿಗೆ ಫೋನು ಮಾಡಬಹುದು ಎಂದು ಗೊತ್ತಾದರೆ ಬಾಗಿಲು ತೆರೆಯುವವರು ಇದ್ದೇ ಇದ್ದಾರೆ.

*

ಆಟಿ ತಿಂಗಳಿನಲ್ಲಿ ಮೆಲ್ಕಾರಿಗೆ ಹೋದೆ. ಅಂಗಡಿಯ ಅಟ್ಟದಲ್ಲಿ ಹುಡುಗ ಹತ್ತು ದಿನ ಮಾತ್ರ ಮಲಗಿದ್ದನಂತೆ. ಮಾಡು ಸೋರಿ ಹಾಸಿಗೆಯೆಲ್ಲ ಒದ್ದೆ. ಜ್ವರದಲ್ಲಿ ಕೆಲಸಕ್ಕೆ ಬಂದವನನ್ನು ನೋಡಿ ಮೇಸ್ತ್ರಿ ಅಲ್ಲೇ ಹಿಂದಿನ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರ ಮನೆಗೆ ಕರೆದುಕೊಂಡು ಹೋಗಿದ್ದರು. ಜಗಲಿಗೆ ತಾಗಿದ ಸಣ್ಣ ಕೋಣೆ. ಮೊದಲು ಕಟ್ಟಿಗೆ ರಾಶಿ ಹಾಕುತ್ತಿದ್ದ ಜಾಗ.

ಅಕ್ಕ ಸುಲಭಕ್ಕೆ ಒಪ್ಪಿದವರಲ್ಲ. ತಮ್ಮ ಬೇಡ ಎಂದ, ನೆರೆಯವರು ಬೇಡ ಎಂದರು. ಒಂದು ಮಧ್ಯಾಹ್ನ ಬೀಡಿ ಕಟ್ಟುಗಳನ್ನು ಬ್ರಾಂಚಿಗೆ ಕೊಟ್ಟು ಬರುವಾಗ ಅಂಗಡಿಯ ಎದುರು ನಿಂತು ಅರ್ಧ ಗಂಟೆ ಅವನ ಕೆಲಸ ನೋಡಿದ್ದಾರೆ. ಅಲ್ಯುಮಿನಿಯಂ ಪಟ್ಟಿ ಕೊಯ್ದ ಮೇಲೆ ಚೂಪಾದ ಅಂಚನ್ನು ಪ್ರತಿ ಸಲವೂ ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದನಂತೆ. "ಕಿಟಕಿ ಹಾಕಿಸಿಕೊಂಡವರ ಮಕ್ಕಳ ಕೈಗೆ ತಾಗಬಾರದು ಅಂತ. ಅಷ್ಟು ಯೋಚನೆ ಇರುವವ ನನ್ನ ಮನೆಯಲ್ಲಿ ಎಂತ ಮಾಡ್ತಾನೆ?" ತಿಂಗಳಿಗೆ 1,500 ರೂಪಾಯಿ ಬಾಡಿಗೆ. ಅಡ್ವಾನ್ಸು ಬೇಡ. ಕರಾರು ಪತ್ರ ಬೇಕು ಎಂದು ಅವನು ಕೇಳಿದಾಗ ಅಕ್ಕನಿಗೆ ಆಶ್ಚರ್ಯ. ಬಾಡಿಗೆಗೆ ಬಂದವನು ತಾನಾಗಿ ಕರಾರು ಕೇಳುವುದುಂಟೇ? ಆಧಾರಿನಲ್ಲಿ ವಿಳಾಸ ಬದಲಾಯಿಸಲಿಕ್ಕೆ ಎಂದು ಆಮೇಲೆ ತಿಳಿಯಿತು. ಬಿ.ಸಿ.ರೋಡಿಗೆ ಒಟ್ಟಿಗೇ ಹೋಗಿ ಸ್ಟಾಂಪು ಪೇಪರಿನಲ್ಲಿ ಬರೆಸಿಕೊಂಡು ಬಂದರು.

ನಾನು ಹೋದ ದಿನ ಭಾನುವಾರವಲ್ಲ, ಏನೋ ಕಾರಣಕ್ಕೆ ಅಂಗಡಿಗೆ ರಜೆ. ಜಗಲಿಯಲ್ಲಿ ಅಕ್ಕ ತಡ್ಪೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಎಲೆ, ಹೊಗೆಸೊಪ್ಪು, ನೂಲು. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಒಂದು ಚಾಪೆ, ಹಗ್ಗದ ಮೇಲೆ ಎರಡು ಅಂಗಿ, ಗೋಡೆಯ ಮೊಳೆಗೆ ನೇತುಹಾಕಿದ ನೀಲಿ ಫೈಲು. ತೊಟ್ಟೆ ಸುತ್ತಿರಲಿಲ್ಲ.

ಕೊಡೆ ಹಿಡಿದ ಪೋಸ್ಟಿನವರು ಅಂಗಳದ ಅಂಚಿನಲ್ಲಿ ನಿಂತು, ಕೈಯಲ್ಲಿದ್ದ ಲಕೋಟೆ ನೋಡಿ ಹುಡುಗನ ಹೆಸರು ಓದಿದರು. ಆ ಓಣಿಯಲ್ಲಿ ಅವರಿಗೆ ಹೊಸ ಹೆಸರು.

"ಈ ಹೆಸರಿನವರು ಇಲ್ಲಿ ಇದ್ದಾರಾ ಅಕ್ಕ?"

ಅಕ್ಕ ತಡ್ಪೆಯಿಂದ ಕಣ್ಣೆತ್ತಲಿಲ್ಲ.

"ಇದ್ದಾನೆ. ಮೀಯ್ಲಿಕ್ಕೆ ಹೋಗಿದ್ದಾನೆ, ಈಗ ಬರ್ತಾನೆ. ಮಳೆಯಲ್ಲಿ ಎಂತಕ್ಕೆ ನಿಂತದ್ದು, ಮೇಲೆ ಬನ್ನಿ."